ಹಳದಿ ಕಂಬದ ಮೇಲೆ ಕಾಲೊರಸು

ನಮ್ಮ ಮನೆಯೆದುರು ರಸ್ತೆಯಂಚಿನಲ್ಲಿ ಸೊಂಟದೆತ್ತರದ ಒಂದು ಹಳದಿ ಕಂಬವಿದೆ. ನಮ್ಮ ಬೀದಿಗೆ ಕೊಳವೆ ಗ್ಯಾಸು ಬಂದಾಗ ನೆಟ್ಟದ್ದು. ಮೊದಮೊದಲು ‘ಇದೊಂದು ದಾರಿಗಡ್ಡ’ ಎಂದು ಗೊಣಗಿದವಳು ನಾನೇ. ಆಮೇಲೆ ಅದಕ್ಕೊಂದು ಉಪಯೋಗ ಕಂಡುಕೊಂಡೆ. ಒಗೆದ ಕಾಲೊರಸು, ಗೋಣಿತಾಟು ಒಣಹಾಕಲು ಅಷ್ಟು ಚೆನ್ನಾಗಿ ಬಿಸಿಲು ಬೀಳುವ ಜಾಗ ಇನ್ನೆಲ್ಲಿ ಸಿಗುತ್ತೆ, ನೀವೇ ಹೇಳಿ! ಅದರ ಮೇಲೆ ಏನು ಬರೆದಿದೆಯೆಂದು ಒಂದು ದಿನವೂ ಓದಿದವಳಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ಚರಂಡಿ ಅಗೆಯಲು ಜೆಸಿಬಿ ಬಂತು. ಬೆಳಗಿನ ಹೊತ್ತು, ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಹೊರಗೆ ಸುಯ್ಯೆಂಬ ಸದ್ದು, ಕುಕ್ಕರು ನಿಲ್ಲದೆ ಕೂಗಿದ ಹಾಗೆ. ಹಿಂದೆಯೇ ಗ್ಯಾಸಿನ ನಾತ. ಒಲೆ ಆರಿಸಿ ಓಡಿ ಬಂದರೆ, ಜೆಸಿಬಿಯ ಹಲ್ಲು ಕೊಳವೆಗೆ ತಗುಲಿ ಮಣ್ಣು ಬುಸುಗುಟ್ಟುತ್ತಿದೆ! ಎದುರುಮನೆ ಅಜ್ಜಿ ತುಳಸಿಕಟ್ಟೆ ಮುಂದೆ ಬೆಂಕಿಪೊಟ್ಟಣ ಹಿಡಿದು ನಿಂತಿದ್ದಾರೆ. “ಅಜ್ಜೀ, ಕಡ್ಡಿ ಗೀರಬೇಡಿ!” ಎಂದು ಕೂಗಿದ ಕೂಗಿಗೆ ನನ್ನ ಗಂಟಲೇ ಕಟ್ಟಿತು. ಅವರ ಕೈಹಿಡಿದು ಬೀದಿಯ ತುದಿಗೆ ಕರಕೊಂಡು ಹೋದೆ.

ಜೆಸಿಬಿ ಹುಡುಗ ನಡುಗುತ್ತಿದ್ದ. “ಇಲ್ಲಿ ಪೈಪೈತೆ ಅಂತ ನಂಗೇನ್ ಗೊತ್ತಕ್ಕಾ? ಬೋರ್ಡೇ ಕಾಣ್ಲಿಲ್ವಲ್ಲ” ಎಂದ. ಎಲ್ಲಿ ಕಾಣಬೇಕು? ಬೋರ್ಡಿನ ಮೇಲೆ ನನ್ನ ಕಾಲೊರಸು! ‘ಅಗೆಯುವ ಮುನ್ನ ಕರೆ ಮಾಡಿ’ ಎಂಬ ಮಾತೂ, ಫೋನ್ ನಂಬರೂ ಅದರಡಿಯಲ್ಲೇ ಇದ್ದವು. ಮನೆಯ ಗ್ಯಾಸ್ ಬಿಲ್ಲಿನ ಚಿತ್ರ ನಮ್ಮವರ ಫೋನಿನಲ್ಲಿದ್ದದ್ದು ನಮ್ಮ ಪುಣ್ಯ. ಅದರಲ್ಲಿನ ನಂಬರಿಗೆ ಫೋನ್ ಮಾಡಿದರು. ಗ್ಯಾಸಿನವರು ಬಂದು ದೂರದ ವಾಲ್ವು ಮುಚ್ಚುವವರೆಗೆ ಇಡೀ ಬೀದಿಯೇ ಹೊರಗೆ ನಿಂತಿತ್ತು. ಏನೂ ಆಗಲಿಲ್ಲ. ಆದರೆ ಆ ಹುಡುಗನಿಗೆ ಎಲ್ಲರೂ ಬೈಯುವಾಗ ನಾನು ಬಾಯಿಬಿಡಲಿಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ.

ಆ ರಾತ್ರಿ ನಮ್ಮವರು ನಗರಂ ಸುದ್ದಿ ನೆನಪಿಸಿದರು. ಆಂಧ್ರದಲ್ಲಿ, ಆಗಿನ ಪೂರ್ವ ಗೋದಾವರಿ ಜಿಲ್ಲೆಯ ಊರು. 2014ರ ಜೂನ್ 27ರ ಬೆಳಗಿನ ಜಾವ ಅಲ್ಲಿ ದೊಡ್ಡ ಕೊಳವೆ ಸೋರಿ ಊರಿನ ಮೇಲೆ ಗ್ಯಾಸು ಹರಡಿತ್ತು. ಚಹಾದಂಗಡಿಯಲ್ಲಿ ಒಲೆ ಹಚ್ಚಿದಾಗ ಹೊತ್ತಿಕೊಂಡಿತೆಂದು ಪತ್ರಿಕೆಗಳು ಬರೆದವು. 20ಕ್ಕೂ ಹೆಚ್ಚು ಜನ ಹೋದರು, ಮನೆಗಳು, ತೆಂಗಿನ ಮರಗಳು ಸುಟ್ಟವು. ಸೋರುತ್ತಿದೆಯೆಂದು ಮೊದಲೇ ದೂರಿದ್ದೆವು ಎಂದು ಊರವರು ಗೋಳಾಡಿದ್ದರು. ಒಲೆ ಹಚ್ಚುವುದು ನಾವು ದಿನವೂ ಮಾಡುವ ಕೆಲಸವಲ್ಲವೇ? ನನಗೆ ನಿದ್ದೆ ಬರಲಿಲ್ಲ.

ಆಮೇಲೆ ರಿಪೇರಿಗೆ ಬಂದ ಹುಡುಗನನ್ನು ಕೂರಿಸಿ, ಕಾಫಿ ಕೊಟ್ಟು ಎಲ್ಲ ಕೇಳಿ ತಿಳಿದುಕೊಂಡೆ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ. ಕೊಳವೆಯದು ಹಗುರ, ಸೂರಿಗೆ ಏರುತ್ತದೆ. ಮನೆಯೊಳಗೆ ಸೋರಿದರೆ ಬಾಗಿಲು ತೆರೆದರೆ ಸಾಲದು, ಮೇಲಿನ ಕಿಟಕಿ, ಗವಾಕ್ಷಿಯನ್ನೂ ತೆರೆಯಬೇಕು. (ನಮ್ಮದಕ್ಕೆ ಸೊಳ್ಳೆಯ ಕಾಟವೆಂದು ರಟ್ಟು ಬಡಿದಿದ್ದೆವು, ಅವತ್ತೇ ಕಿತ್ತೆ.) ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ವಾಲ್ವಿನ ಹಿಡಿ ಕೊಳವೆಯ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಫೋನನ್ನು ಹೊರಗೆ, ದೂರ ಹೋಗಿ ಮಾಡಬೇಕು. 1906 ಸಿಲಿಂಡರಿನವರಿಗಾಗಿ ಇರುವ ನಂಬರು. ಕೊಳವೆಯವರ ನಂಬರು ನಿಮ್ಮ ಬಿಲ್ಲಿನಲ್ಲಿರುತ್ತದೆ, ಅಡಿಗೆಮನೆ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಡಿ.

ಇನ್ನೊಂದು ಮಾತು, ಹೊಲ ತೋಟ ಇರುವವರಿಗೆ. ಈ ನಾತ ಗ್ಯಾಸಿನದಲ್ಲ, ನಮಗೆ ಗೊತ್ತಾಗಲೆಂದು ಬೆರೆಸುವುದಂತೆ. ಊರಿಂದೂರಿಗೆ ಹೋಗುವ ದೊಡ್ಡ ಕೊಳವೆಯಲ್ಲಿ ಸಾಮಾನ್ಯವಾಗಿ ಬೆರೆಸಿರುವುದಿಲ್ಲ. ಮಹಾರಾಷ್ಟ್ರದ ದಾಬೋಳದಿಂದ ಬೆಳಗಾವಿ, ಧಾರವಾಡ, ಚಿತ್ರದುರ್ಗ, ತುಮಕೂರಿನ ಕಡೆ ಹಾದು ಬೆಂಗಳೂರಿಗೆ ಹೋಗುವ ಕೊಳವೆ ಅಂಥದು. ಅಲ್ಲಿ ಮೂಗನ್ನು ನಂಬಬೇಡಿ. ನೆಲ ಬುಸುಗುಟ್ಟಿದರೆ, ನಿಂತ ನೀರಿನಲ್ಲಿ ಗುಳ್ಳೆ ಎದ್ದರೆ, ಅಲ್ಲಿಷ್ಟೇ ಹುಲ್ಲು ಒಣಗಿದ್ದರೆ ದೂರ ಸರಿದು ಹೇಳಿ ಕಳಿಸಿ.

ಈಗ ನಾನು ಬಾಗಿಲು ಸಾರಿಸುವಾಗ ಹಳದಿ ಕಂಬವನ್ನೂ ಒರೆಸುತ್ತೇನೆ. ಗಣಪತಿ ಹಬ್ಬದ ಹುಡುಗರು ಪೋಸ್ಟರ್ ಅಂಟಿಸಿದ್ದರು, ನೀರು ಹಾಕಿ ಕೆರೆದೆ. ಕಾಲೊರಸು ಹಿತ್ತಲಲ್ಲಿ ಒಣಗುತ್ತದೆ. ಅಲ್ಲಿ ಬಿಸಿಲು ಕಡಿಮೆ, ಎರಡು ದಿನ ಹಿಡಿಯುತ್ತದೆ.