ಒಂಬತ್ತನೆಯ ಪ್ರಶ್ನೆ

ಅಪ್ಪನಿಗೆ ಹೃದಯಾಘಾತವಾಗಿ, ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದದ್ದು 2018ರ ಜೂನ್‌ನಲ್ಲಿ. ಹೃದಯಕ್ಕೆ ಇನ್ನು ತೊಂದರೆಯಿಲ್ಲ ಎಂದು ವೈದ್ಯರು ಹೇಳಿ ಕಳುಹಿಸಿದ್ದರು. ಆದರೆ ಅಪ್ಪ ತೋಟಕ್ಕೆ ಇಳಿಯಲಿಲ್ಲ. ಕೊಳೆರೋಗ ಬಂದು ಅಡಿಕೆ ಉದುರುತ್ತಿದೆ ಎಂದರೂ 'ಹೌದಾ' ಎಂದು ಸುಮ್ಮನಾಗುವರು. ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿಯಲ್ಲಿ ಕುಳಿತಿರುವರು. ಕೇಳಿದರೆ ಹೊಟ್ಟೆ ಉಬ್ಬರ, ಬೆನ್ನುನೋವು, ಹಸಿವಿಲ್ಲ. ಬೇಜಾರು ಎಂಬ ಮಾತನ್ನು ಒಮ್ಮೆಯೂ ಆಡಲಿಲ್ಲ. ಹೃದಯದ ಮಾತ್ರೆಗಳನ್ನು ನುಂಗದೆ ಕಿಟಕಿಯಿಂದ ಹೊರಗೆಸೆಯುತ್ತಿದ್ದುದು ಅಮ್ಮ ಅಂಗಳ ಗುಡಿಸುವಾಗ ಗೊತ್ತಾಯಿತು. ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಬಂದವರೆಲ್ಲ ಉಪದೇಶಿಸಿದರು. ನಾನೂ ಅದನ್ನೇ ಹೇಳಿದೆ, ಸ್ವಲ್ಪ ಸಿಟ್ಟಿನಿಂದಲೇ.

ಓಣಂ ಕಳೆದ ಮೇಲೆ, ಬಿ.ಪಿ. ನೋಡಿಸಲೆಂದು ನಮ್ಮ ಪಂಚಾಯತಿನ ಕುಟುಂಬಾರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಸಿಸ್ಟರ್ ಒಂದು ಕಾಗದ ತೆಗೆದರು. ಇಂತಹ ಕೇಂದ್ರಗಳಲ್ಲಿ ಖಿನ್ನತೆಯನ್ನು ಗುರುತಿಸಲೆಂದು ಕೇರಳದಲ್ಲಿ 2017ರಲ್ಲಿ ಆರಂಭವಾದ ಯೋಜನೆಯ ಹೆಸರು 'ಆಶ್ವಾಸಂ'. ಮಲೆಯಾಳದಲ್ಲಿ ಅದಕ್ಕೆ ಸಮಾಧಾನವೆಂದು ಅರ್ಥ. ನಮ್ಮ ಕಿವಿಗೆ ಚುನಾವಣೆಯ ಆಶ್ವಾಸನೆಯೇ ಮೊದಲು ಬಂದು ನಿಲ್ಲುತ್ತದೆ. ಕಾಯಿಲೆಯ ಹೆಸರೂ ಹಾಗೆಯೇ. ಅವರು ವಿಷಾದರೋಗ ಎನ್ನುತ್ತಾರೆ. ನಾವು ವಿಷಾದವನ್ನು ಪತ್ರಿಕೆಯ ತಪ್ಪೊಪ್ಪಿಗೆಗೆ ಬಿಟ್ಟುಕೊಟ್ಟಿದ್ದೇವೆ.

ಕಾಗದದಲ್ಲಿದ್ದದ್ದು ಒಂಬತ್ತು ಪ್ರಶ್ನೆಗಳು. ಕಳೆದ ಎರಡು ವಾರಗಳಲ್ಲಿ ನಿದ್ರೆ, ಹಸಿವು, ಆಸಕ್ತಿ ಹೇಗಿತ್ತು ಎಂಬುದಕ್ಕೆಲ್ಲ ಸೊನ್ನೆಯಿಂದ ಮೂರರವರೆಗೆ ಅಂಕ. ಅಪ್ಪನಿಗೆ ಅಡಿಕೆ ಮಾರುವಷ್ಟು ಮಲೆಯಾಳ ಬರುತ್ತದೆ. ಮನಸ್ಸಿನ ಮಾತಿಗೆ ಅದು ಸಾಲದು. ನಾನು ದುಭಾಷಿಯಾದೆ. ಎಂಟರವರೆಗೆ ತೊಡಕಾಗಲಿಲ್ಲ. ಒಂಬತ್ತನೆಯದು, ಇದಕ್ಕಿಂತ ಸಾಯುವುದೇ ಮೇಲೆಂದು ಅನಿಸಿದ್ದುಂಟೇ ಎಂಬುದು. ಮಗನಾದವನು ಅಪ್ಪನ ಮುಖ ನೋಡಿ ಅದನ್ನು ಕೇಳುವುದು ಹೇಗೆ? "ತುಂಬಾ ಬೇಜಾರಾಗ್ತದಾ ಅಪ್ಪ?" ಎಂದೆ. ಅವರು ಏನೂ ಹೇಳಲಿಲ್ಲ. ಹಾಗೇನೂ ಇಲ್ಲವಂತೆ ಎಂದು ಸಿಸ್ಟರಿಗೆ ಹೇಳಿಬಿಟ್ಟೆ.

ಸಿಸ್ಟರ್ ಪೆನ್ನು ಕೆಳಗಿಟ್ಟರು. ನಾನು ಕೇಳಿದ್ದು ಬಹಳ ಚಿಕ್ಕದಾಯಿತಲ್ಲ ಎಂದರು. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ ಅಷ್ಟೆ, ಎಂದೂ ಮೆಲ್ಲಗೆ ಹೇಳಿದರು. ಮತ್ತೆ ಕೇಳಿದೆ, ಇದ್ದ ಹಾಗೆಯೇ. ಅಪ್ಪ ನನ್ನತ್ತ ನೋಡದೆ "ದಿನಾ" ಎಂದರು.

ಇಪ್ಪತ್ತೇಳರಲ್ಲಿ ಹದಿನೇಳು ಅಂಕ. ಡಾಕ್ಟರರು ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿದರು. ಅವು ಕಡಿಮೆಯಾದರೂ ಮನುಷ್ಯ ಹೀಗೆಯೇ ಮಂಕಾಗುತ್ತಾನಂತೆ. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ, ಅದನ್ನು ಹಾಗೆಯೇ ಬಿಟ್ಟರೆ ಹೃದಯಕ್ಕೇ ಮತ್ತೆ ಅಪಾಯ ಎಂದರು. ನಡಿಗೆ ನಿಲ್ಲುತ್ತದೆ, ಮಾತ್ರೆ ತಪ್ಪುತ್ತದೆ. ನನಗೆ ಅಂಗಳದಲ್ಲಿ ಸಿಕ್ಕಿದ ಮಾತ್ರೆಗಳು ಕಣ್ಣಿಗೆ ಕಟ್ಟಿದವು. ಅಮಿಟ್ರಿಪ್ಟಿಲಿನ್‌ನಂತಹ ಹಳೆಯ ಔಷಧಗಳು ಹೃದಯದ ಬಡಿತವನ್ನು ಏರುಪೇರು ಮಾಡಬಹುದೆಂದು ಸರ್ಟ್ರಾಲಿನ್ ಬರೆದುಕೊಟ್ಟರು. ಮೊದಲು 25 ಮಿಲಿಗ್ರಾಂ, ಆಮೇಲೆ 50. ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆಗಳೂ ಜೊತೆಗಿರುವುದರಿಂದ ಮಲ ಕಪ್ಪಾದರೆ ಕೂಡಲೇ ಬರಬೇಕು. ಗುಣ ಕಾಣಲು ಎರಡರಿಂದ ನಾಲ್ಕು ವಾರವಾದರೂ ಬೇಕು, ಅಲ್ಲಿಯವರೆಗೆ ಒಬ್ಬರನ್ನೇ ಬಿಡಬೇಡಿ, ತೋಟಕ್ಕೆ ತಂದ ವಿಷದ ಡಬ್ಬಿಗಳಿಗೆ ಬೀಗ ಹಾಕಿ ಎಂದರು. ಬೀಗ ಹಾಕಿದೆ. ಆ ಬೀಗದ ಕೈ ತಿಂಗಳುಗಟ್ಟಲೆ ನನ್ನ ಸೊಂಟದಲ್ಲಿತ್ತು.

ಮೊದಲಿಗೆ ವಾಕರಿಕೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಮೂರನೆಯ ವಾರದಲ್ಲಿ ನಿದ್ರೆ ಬಂತು. ದಿನಕ್ಕೊಂದು ಸಣ್ಣ ಕೆಲಸ ಮಾಡಿಸಿ ಎಂದಿದ್ದರು; ಅಪ್ಪ ಮನಸ್ಸಿಲ್ಲದಿದ್ದರೂ ಹೋಗಿ ನಾಲ್ಕು ವೀಳ್ಯದೆಲೆ ಕೊಯ್ದು ತರುತ್ತಿದ್ದರು. ಡಿಸೆಂಬರಿನಲ್ಲಿ ಒಂದು ದಿನ, ಸ್ಪ್ರಿಂಕ್ಲರ್ ನೆಟ್ಟಗೆ ಹಾರುವುದಿಲ್ಲ, ನೀನು ಕಣ್ಣು ಮುಚ್ಚಿಕೊಂಡು ಜೋಡಿಸಿದ್ದಾ ಎಂದು ನನಗೆ ಚೆನ್ನಾಗಿ ಬೈದರು. ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು.

ಹುಷಾರಾದ ಮೇಲೂ ಆರು ತಿಂಗಳು ಮಾತ್ರೆ ನಿಲ್ಲಿಸುವಂತಿಲ್ಲ. 2019ರ ವಿಷು ಕಳೆದು ಮತ್ತೆ ಅದೇ ಸಿಸ್ಟರ್ ಅದೇ ಕಾಗದ ತೆಗೆದರು. ಒಂಬತ್ತನೆಯದನ್ನು ಅವರು ಮಲೆಯಾಳದಲ್ಲಿ ಓದಿದಾಗ ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಪ್ಪನೇ "ಇಲ್ಲ" ಎಂದರು. ಯಾವ ಭಾಷೆಯಲ್ಲಿ ಎಂದು ಸಿಸ್ಟರ್ ಕೇಳಲಿಲ್ಲ. ಸೊನ್ನೆ ಬರೆದುಕೊಂಡರು.