ಬಾರಾಮಾಸಿ

ಮೊನ್ನೆ ಸಂತೆಯ ದಿನ ಚಿಂಚೋಳಿ ಬಸ್‌ಸ್ಟ್ಯಾಂಡಿನ ಎದುರು ತಾಂಡೂರು ಕಡೆಯ ಟೆಂಪೋ ಒಂದು ಸಸಿ ತುಂಬಿಕೊಂಡು ನಿಂತಿತ್ತು. ಮಾರುವ ಹುಡುಗ ಮಾವಿಗೆ ಒಂದು ಮಾತು, ನಿಂಬೆಗೆ ಒಂದು ಮಾತು ಹೇಳಿ ಮುಗಿಸಿದ. ಗುಲಾಬಿಯ ಸರದಿ ಬಂದಾಗ ಮಾತ್ರ ದನಿ ಏರಿಸಿದ. “ಬಾರಾಮಾಸಿ ಅದ ರೀ ಸಾಹೇಬ್ರ, ಬಳ್ಳಿ ಗುಲಾಬ್! ಮಾಳಿಗಿ ತನಕ ಹೋಗ್ತದ, ಹನ್ನೆರಡು ತಿಂಗಳ ಹೂ ಬಿಡ್ತದ.” ಏರುವುದೂ ಅದೇ ಗಿಡ, ಅರಳುವುದೂ ಅದೇ ಗಿಡ, ಅದೂ ಬಿಡುವಿಲ್ಲದೆ. ನಮ್ಮ ಸೀಮೆಯ ಚುನಾವಣೆಗಳಲ್ಲೂ ಇಷ್ಟು ದೊಡ್ಡ ಭರವಸೆ ಕೇಳಿದ ನೆನಪಿಲ್ಲ.

ಹುಡುಗನನ್ನು ಬೈಯಲಾರೆ. ಈ ಭರವಸೆಗೆ ಇನ್ನೂರು ವರ್ಷ ದಾಟಿದೆ. ಅದನ್ನು ಮೊದಲು ಹುಟ್ಟುಹಾಕಿದವರಲ್ಲಿ ಒಬ್ಬ ಭತ್ತದ ಬೆಳೆಗಾರ. ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿದ್ದ ಜಾನ್ ಚಾಂಪ್ನೀಸ್. ಆ ಸೀಮೆಯ ಗದ್ದೆಗಳ ಕೆಸರು ತುಳಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಯಜಮಾನರಿಗೆ ಹೂವಿನ ಹುಚ್ಚು ಹಚ್ಚಿಕೊಳ್ಳಲು ಪುರುಸೊತ್ತು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. 19ನೆಯ ಶತಮಾನದ ಮೊದಲ ಹತ್ತು ವರ್ಷಗಳ ಆಸುಪಾಸಿನಲ್ಲಿ ಅವನ ತೋಟದಲ್ಲೊಂದು ಸಸಿ ಹುಟ್ಟಿತು. ಅದರ ಒಂದು ಕಡೆಯ ಹಿರಿಯ ಕಸ್ತೂರಿ ಗುಲಾಬಿ. ಉದ್ದಕ್ಕೆ ಬೆಳೆಯುವ, ಬೇಸಿಗೆಯ ಕೊನೆಗೆ ಬಿಳಿಯ ಗೊಂಚಲು ಬಿಡುವ ಘಮದ ಜಾತಿ. ಇನ್ನೊಂದು ಕಡೆ ಚೀನಾದ ಗಿಡ್ಡ ಗುಲಾಬಿ. ನೆಲ ಬಿಟ್ಟು ಮೇಲೇಳುವುದು ಕಡಿಮೆಯಾದರೂ ಅರಳುವುದರಲ್ಲಿ ದಣಿವರಿಯದ್ದು. ಎರಡರ ಗುಣವೂ ಆ ಸಸಿಯಲ್ಲಿ ಕೂಡಿಬಂತು. ಚೀನಾದ ಇಂಥ ಗುಲಾಬಿಗಳು ಯುರೋಪು ಸೇರಿದ್ದು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ, ನಡುವೆ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ನೀರು ಕುಡಿದು. ಕಲ್ಕತ್ತೆಯಲ್ಲಿ ತಂಗಿದ್ದಕ್ಕೇ ಫ್ರೆಂಚರು ಅವನ್ನು ಬಂಗಾಳದ ಗುಲಾಬಿ ಮಾಡಿಬಿಟ್ಟರು.

ಚಾಂಪ್ನೀಸನಿಗೆ ಆದ ಅನ್ಯಾಯ ನನ್ನನ್ನು ಇವತ್ತಿಗೂ ಕಾಡುತ್ತದೆ. ಅದೇ ಊರಲ್ಲಿದ್ದ ಫ್ರೆಂಚ್ ಸಸಿಗಾರ ಫಿಲಿಪ್ ನ್ವಾಸೆತ್ ಆ ಗಿಡದ ಬೀಜದಿಂದ ಹೊಸ ಸಸಿ ಎಬ್ಬಿಸಿ ಪ್ಯಾರಿಸ್ಸಿನಲ್ಲಿದ್ದ ಸಹೋದರ ಲೂಯಿಗೆ ಕಳಿಸಿದ. ಪ್ಯಾರಿಸ್ ಮೆಚ್ಚಿತು, ಹೂಗಳ ಚಿತ್ರಗಾರ ರೆದೂತೆ ಅದರ ಚಿತ್ರ ಬರೆದ, ಇಡೀ ಕುಲಕ್ಕೆ ನ್ವಾಸೆತ್ ಮನೆತನದ ಹೆಸರು ನಿಂತಿತು. ಭತ್ತದವನ ಹೆಸರು ಒಂದೇ ಒಂದು ಗಿಡಕ್ಕೆ ಉಳಿಯಿತು. ರಾಶಿ ಮಾಡಿದವನೊಬ್ಬ, ಚೀಲ ಹೊತ್ತವನೊಬ್ಬ. ತೊಗರಿ ನಾಡಿನವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಏರುವುದಕ್ಕೂ ಅರಳುವುದಕ್ಕೂ ಗುಲಾಬಿಯಲ್ಲಿ ಹಳೆಯ ಜಗಳ, ಅದರ ಗುಟ್ಟು 2012ರಲ್ಲಿ ಬಿಚ್ಚಿತು. ಗುಲಾಬಿಯೊಳಗೆ ‘ಇನ್ನು ಹೂ ಸಾಕು, ಬೆಳೆ’ ಎಂದು ತಡೆಯುವ ಜೀನ್ ಒಂದಿದೆ. ಚೀನಾದ ಗುಲಾಬಿಯಲ್ಲಿ ಎಂದೋ ಒಂದು ಡಿಎನ್‌ಎ ತುಣುಕು ಜಿಗಿದು ಬಂದು ಆ ಜೀನಿನ ನಡುವೆ ಕೂತು ಅದನ್ನು ಕೆಡಿಸಿತು. ತಡೆಯುವವರಿಲ್ಲದ ಗಿಡ ಅರಳುತ್ತಲೇ ಹೋಯಿತು. ಅದೇ ಹಳೆಯ ಚೀನೀ ಗುಲಾಬಿಯ ಟೊಂಗೆಯೊಂದು ಬಳ್ಳಿಯಾಗಿ ತಿರುಗಿದಾಗ ಆ ತುಣುಕು ಬಹುಪಾಲು ಜಾರಿಹೋಗಿರುವುದು ಕಂಡಿತು. ತಡೆ ಮತ್ತೆ ಕೆಲಸ ಶುರು ಮಾಡಿದ್ದರಿಂದ ಬಳ್ಳಿ ಉದ್ದ ಹಬ್ಬಿತು, ವರ್ಷಕ್ಕೆ ಒಂದೇ ಸಲ ಹೂವಾಯಿತು. ಎರಡನ್ನೂ ಒಂದೇ ಮೈಯಲ್ಲಿ ಹೊಂದಿಸಿಕೊಂಡ ಗಿಡ ಅಪರೂಪದ್ದೇ. ಅಂಥದ್ದೊಂದು ನಮ್ಮ ಅಂಗಳದಲ್ಲಿದೆ. ಹೆಸರು ಗೊತ್ತಿಲ್ಲದ, ಬೆರಳ ತುದಿಯಷ್ಟು ಹೂವಿನ, ತೆಳು ಗುಲಾಬಿ ಬಣ್ಣದ ಬಳ್ಳಿ. ಅಪ್ಪ ಯಾರದೋ ಮನೆಯಿಂದ ಕಡ್ಡಿ ತಂದು ಚುಚ್ಚಿದ್ದು.

ಅವ್ವನಿಗೆ ಅದರ ಮೇಲೆ ಮೊದಲಿನಿಂದಲೂ ತಕರಾರು. “ಹಂದರದ ಮ್ಯಾಲ ಹೀರಿ ಬಳ್ಳಿ ಹಬ್ಸಿದ್ರ ಪಲ್ಯನಾರ ಆಗ್ತಿತ್ತು. ಇದರಾಗ ಏನದ, ಬರೇ ಮುಳ್ಳು.” ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಸುತಲಿ ಹಿಡಿದು ಹೊಸ ಟೊಂಗೆಗಳನ್ನು ಅಡ್ಡಕ್ಕೆ ಬಾಗಿಸಿ ಕಟ್ಟುತ್ತಿದ್ದರು. ನೆಟ್ಟಗೆ ಏರಲು ಬಿಟ್ಟರೆ ತುದಿಯಲ್ಲಷ್ಟೇ ಹೂ. ಅಡ್ಡ ಮಲಗಿಸಿದರೆ ತುದಿಯ ದರ್ಪ ಇಳಿದು ಗಿಣ್ಣುಗಿಣ್ಣಿಗೂ ಚಿಗುರೊಡೆಯುತ್ತದೆ, ಚಿಗುರಿಗೊಂದು ಗೊಂಚಲು. ಶಹಾಬಾದಿ ಫರಸಿಯ ಗೋಡೆಗೆ ಮಾತ್ರ ಅವರು ಯಾವತ್ತೂ ಬಳ್ಳಿ ಆನಿಸಲಿಲ್ಲ. ಮಧ್ಯಾಹ್ನ ಕಾದ ಆ ಕಲ್ಲು ರಾತ್ರಿಯವರೆಗೂ ಬಿಸಿ ಉಗುಳುತ್ತದೆ.

ಆ ಕಲ್ಲಿನ ಊರಿನಲ್ಲೇ, ಶಹಾಬಾದದಲ್ಲಿ, ಅಕ್ಕನ ಮನೆ. ಅವಳು ಬೆಂಗಳೂರಿನಿಂದ ತರಿಸಿದ ಬಳ್ಳಿ ಗುಲಾಬಿ ಎರಡನೆಯ ಮಳೆಗಾಲ ಕಾಣುವ ಮೊದಲೇ ಹಳದಿಯಾಗಿತ್ತು. ಎಲೆಯ ನರ ಹಸಿರು, ನಡುವೆಲ್ಲ ಅರಿಸಿನ. “ಏ ತಮ್ಮಾ, ಗೊಬ್ಬರ ಹಾಕೀನಿ, ನೀರ ಹಾಕೀನಿ, ಇನ್ನೇನ ಬೇಕಂತ ಇದಕ್ಕ?” ಬೇಕಾದದ್ದು ಕಬ್ಬಿಣ. ಅದು ಮಣ್ಣಿನಲ್ಲಿ ಇದ್ದೇ ಇರುತ್ತದೆ, ಆದರೆ ಸುಣ್ಣ ಹೆಚ್ಚಿದ ನೆಲದಲ್ಲಿ ಬೇರಿಗೆ ದಕ್ಕುವುದಿಲ್ಲ. ಬೆಂಗಳೂರಿನ ಕೆಂಪು ಮಣ್ಣಿಗೆ ಒಗ್ಗುವ ಮಲ್ಟಿಫ್ಲೋರಾ ಬುಡದ ಮೇಲೆ ಕಣ್ಣು ಕಸಿ ಮಾಡಿದ ಗಿಡ ಸುಣ್ಣಗಲ್ಲಿನ ಊರಿಗೆ ಬಂದರೆ ಹೀಗೇ ಆಗುವುದು. ಉತ್ತರ ಭಾರತದ ಕ್ಷಾರದ ನೆಲಗಳಲ್ಲಿ ಬೇರೆಯೇ ಬುಡ, ಇಂಡಿಕಾ ಓಡೊರಾಟಾ, ಬಳಸುತ್ತಾರೆ. ಅಪ್ಪನ ಕಡ್ಡಿಗೆ ಬೇರೆಯವರ ಬುಡದ ಹಂಗಿರಲಿಲ್ಲ, ಮೇಲಾಗಿ ನಮ್ಮ ಅಂಗಳಕ್ಕೆ ಬಿದ್ದಿರುವುದು ಕುಂಚಾವರಂ ಕಡೆಯ ಕೆಂಪು ಮಣ್ಣು.

ಹನ್ನೆರಡು ತಿಂಗಳ ಮಾತಿಗೆ ಬರುತ್ತೇನೆ. ಬೆಂಗಳೂರಿನ ತಂಪಿನಲ್ಲಿ ಇಂಥ ಬಳ್ಳಿ ಸರದಿ ಸರದಿಯಾಗಿ ಹೆಚ್ಚುಕಡಿಮೆ ವರ್ಷವಿಡೀ ಅರಳುತ್ತದೆ. ಇಂಗ್ಲೆಂಡಿನಲ್ಲಿ ಚಳಿಗೆ ಮಲಗುತ್ತದೆ. ನಮ್ಮಲ್ಲಿ ಬಿಸಿಲಿಗೆ. ಹೋಳಿ ದಾಟಿ ಪಾರಾ 42ಕ್ಕೆ ಏರಿದ ಮೇಲೆ ಮೊಗ್ಗು ಬಂದರೂ ಬೆಳಿಗ್ಗೆ ಬಿಚ್ಚಿ ಸಂಜೆಗೆ ಉದುರುತ್ತದೆ, ಬಣ್ಣವೂ ತೊಳೆದು ಹೋಗಿರುತ್ತದೆ. ಮಳೆ ಬಿದ್ದರೆ ಬರೀ ಎಲೆ. ದಸರೆಯ ಹೊತ್ತಿಗೆ ಒಣಗಿದ್ದನ್ನು ಕತ್ತರಿಸಿದರೆ ದೀಪಾವಳಿಯ ಹಿಂದುಮುಂದು ಮೊಗ್ಗು. ಎಳ್ಳ ಅಮಾಸಿಗೆ ಹೊಲಕ್ಕೆ ಭಜ್ಜಿ, ಸಜ್ಜಿ ರೊಟ್ಟಿ ಒಯ್ಯುವ ಬುಟ್ಟಿಯ ಮೇಲೆ ಒಂದು ಗೊಂಚಲು ಇಡುವಷ್ಟು ಧಾರಾಳ. ಶಿವರಾತ್ರಿಯವರೆಗೂ ಹಂದರ ತುಂಬ ಹೂ.

ಬಿಸಿಲ ನಾಡಿಗೆ ಬಿಸಿಲಿನದೇ ಗುಲಾಬಿ ಬೇಕೆಂದು ಹಟ ಹಿಡಿದವರು ಐಎಎಸ್ ಬಿಟ್ಟ ವಿರು ವೀರರಾಘವನ್ ಮತ್ತು ಅವರ ಪತ್ನಿ ಗಿರಿಜಾ. ಜಾರ್ಜ್ ವ್ಯಾಟ್ 1882ರಲ್ಲಿ ಮಣಿಪುರದಲ್ಲಿ ಕಂಡ, ಮರದ ನೆತ್ತಿ ಹತ್ತುವ ಕಾಡುಗುಲಾಬಿ ಜೈಜಾಂಟಿಯಾವನ್ನೂ, ಬಂಗಾಳದ ಜವುಗಿನಲ್ಲಿ ಬೇರು ಮುಳುಗಿಸಿ ಬದುಕುವ ಕ್ಲೈನೊಫಿಲಾವನ್ನೂ ಅವರು ತಳಿಗೆ ತಂದರು. ಈ ಕೆಲಸವನ್ನು ಅವರು ನಡೆಸಿದ್ದು ಕೊಡೈಕೆನಾಲಿನ ಮಂಜಿನಲ್ಲಿ ಕೂತು. ನಮ್ಮ ಮೇ ತಿಂಗಳಲ್ಲಿ ಅವರನ್ನೊಮ್ಮೆ ಚಿಂಚೋಳಿಗೆ ಕರೆಯಬೇಕೆನ್ನುವ ತುಂಟ ಆಸೆ ನನಗಿದೆ.

ಅಪ್ಪ ಹೋದ ಮೇಲೆ ಸುತಲಿ ನನ್ನ ಕೈಗೆ ಬಂತು, ತಕರಾರು ಅವ್ವನಲ್ಲೇ ಉಳಿಯಿತು. ಹೋದ ವರ್ಷ ರಾಜಿಯಾಯಿತು. ಶಿವರಾತ್ರಿ ಮುಗಿದ ಕೂಡಲೇ ಹಂದರದ ಬುಡಕ್ಕೆ ಹೀರೆ ಬೀಜ ಹಾಕುವುದು, ಬಿಸಿಲಿಗೆ ಅದರ ಎಲೆ ಗುಲಾಬಿಗೆ ನೆರಳಾಗುವುದು, ದಸರೆಗೆ ಮುಂಚೆ ಹೀರೆಯನ್ನು ಕಿತ್ತುಬಿಡುವುದು. ಮೂರನೆಯ ಕರಾರು ಅವ್ವ ಒಪ್ಪಿಲ್ಲ. ಕಾಯಿ ಬಿಡುವ ಬಳ್ಳಿಯನ್ನು ಹೂ ಬಿಡುವ ಬಳ್ಳಿಗಾಗಿ ಕೀಳುವವರು ಅವಳ ತವರಲ್ಲಿ ಯಾರೂ ಇಲ್ಲವಂತೆ.