ಪುಟ್ಟ ದ್ವಾರಪಾಲಕ

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಹುಡಗಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರ ಮನೆಗೆ ಬರುವವರು ಒಂದು ವರ್ಷ ಕಾಲ ಬೀದಿಯಲ್ಲೇ ನಿಂತು ಕೂಗಬೇಕಾಗಿತ್ತು. ಒಳಗಿನ ಗರ್ಜನೆಯನ್ನು ಕೇಳಿದವರಿಗೆ, ಅದನ್ನು ಹೊರಡಿಸುತ್ತಿದ್ದುದು ಮೊಣಕಾಲೆತ್ತರವೂ ಇಲ್ಲದ ಬಿಳಿಯ ಪೊಮೆರೇನಿಯನ್ ನಾಯಿಯೆಂದು ನಂಬಿಸುವುದೇ ಕಷ್ಟವಾಗಿತ್ತು. ಅದರ ಹೆಸರು ಮೋತಿ.

ಮೋತಿಯನ್ನು ಸಾಕಿದವರು ಮೇಷ್ಟ್ರ ಪತ್ನಿ. ಆಕೆ ತೀರಿಕೊಂಡ ಮೇಲೆ ಅದು ಆಕೆಯ ಮಂಚದ ಕೆಳಗೇ ಮಲಗತೊಡಗಿತು. ಹತ್ತಿರ ಬಂದವರ ಮೇಲೆ ಗುರುಗುಟ್ಟಿತು. ಅಂಚೆಯವನ ಹಿಮ್ಮಡಿಗೆ ಬಾಯಿ ಹಾಕಿತು. ಅಂಚೆಯವನು ಪತ್ರಗಳನ್ನು ಎದುರಿನ ಅಂಗಡಿಯಲ್ಲಿ ಕೊಟ್ಟು ಹೋಗಲಾರಂಭಿಸಿದ. ಸಂಜೆ ಕಟ್ಟೆಯ ಮೇಲೆ ಕೂಡುತ್ತಿದ್ದ ಗೆಳೆಯರೂ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

ನಾಯಿಗೆ ದೇವರ ಮಗ್ಗುಲಲ್ಲಿಯೇ ಸ್ಥಾನವಿತ್ತ ಸೀಮೆಯಿದು. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರನಿಗೆ ನಾಯಿ ಸಂಗಾತಿ; ದತ್ತಾತ್ರೇಯನ ಪಟಗಳಲ್ಲಿ ನಾಲ್ಕು ನಾಯಿಗಳು, ಅವು ನಾಲ್ಕು ವೇದಗಳೆಂದು ಭಕ್ತರ ನಂಬಿಕೆ. ಆದರೆ ಪಟದ ನಾಯಿಗಳು ಅಂಚೆಯವನನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ!

ಮೇಷ್ಟ್ರಿಗೆ ಬಲ್ಲ ಮದ್ದು ಒಂದೇ: ಬೆತ್ತ. ಗುರುಗುಟ್ಟಿದಾಗಲೆಲ್ಲ ಬೆತ್ತವೆತ್ತಿದರು. ಎಂಟು ದಿನಗಳಲ್ಲಿ ಗುರುಗುಟ್ಟುವಿಕೆ ನಿಂತಿತು. ಮೇಷ್ಟ್ರು ಗೆದ್ದೆನೆಂದುಕೊಂಡರು. ರಜೆಗೆ ಬಂದಿದ್ದ ಮೊಮ್ಮಗಳು ಮಂಚದ ಕೆಳಗೆ ಕೈ ಚಾಚಿದಳು; ಮೋತಿ ಸದ್ದಿಲ್ಲದೆ ಕಚ್ಚಿತು. ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ನೀರಿನಲ್ಲಿ ತೊಳೆದರು. ಆಸ್ಪತ್ರೆಗೆ ಒಯ್ದು ಚುಚ್ಚುಮದ್ದು ಹಾಕಿಸಿದರು.

“ಅದನ್ನ ಎಲ್ಲ್ಯಾರ ದೂರ ಬಿಟ್ಟು ಬರ್ರಿ ಅಪ್ಪಾ” ಎಂದ ಮಗ.

“ಬ್ಯಾಡ್ರಿ ಮುತ್ಯಾ, ಅದು ಆಯಿದು” ಎಂದಳು ಕೈಗೆ ಪಟ್ಟಿ ಕಟ್ಟಿಸಿಕೊಂಡ ಮೊಮ್ಮಗಳು.

ಆ ರಾತ್ರಿ ಮೇಷ್ಟ್ರಿಗೆ ನಿದ್ರೆ ಬರಲಿಲ್ಲ. ಮರುದಿನ ಮೋತಿಯನ್ನೆತ್ತಿಕೊಂಡು ಪಶುವೈದ್ಯರಲ್ಲಿಗೆ ಹೋದರು. ನೋವಿರುವ ನಾಯಿಯೂ ಕಚ್ಚುವುದುಂಟಾದ್ದರಿಂದ ವೈದ್ಯರು ಮೊದಲು ಕಿವಿ, ಹಲ್ಲು, ಬೆನ್ನುಗಳನ್ನು ಪರೀಕ್ಷಿಸಿದರು. ದೋಷ ಕಾಣಲಿಲ್ಲ. ಬೆತ್ತದ ಕಥೆ ಕೇಳಿ ನಿಟ್ಟುಸಿರಿಟ್ಟರು. “ಗುರುಗುಟ್ಟುವುದು ನಾಯಿಯ ಮಾತು, ಸರ್. ‘ಹೆದರಿಕೆಯಾಗುತ್ತಿದೆ, ದೂರ ನಿಲ್ಲಿ’ ಎಂದು ಅದು ಹೇಳುತ್ತಿತ್ತು. ನೀವು ಮಾತನ್ನು ಬಿಡಿಸಿದಿರಿ, ಹೆದರಿಕೆಯನ್ನಲ್ಲ. ಇನ್ನು ಅಂಚೆಯವನು ದಿನವೂ ಬರುತ್ತಾನೆ, ಇದು ಬೊಗಳುತ್ತದೆ, ಅವನು ಹೋಗುತ್ತಾನೆ. ತಾನೇ ಓಡಿಸಿದೆನೆಂದು ಇದರ ಲೆಕ್ಕ!”

ರಷ್ಯದ ಪಾವ್ಲೋವ್ ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಬಹುಮಾನ ಪಡೆದ ವಿಜ್ಞಾನಿ. ಊಟಕ್ಕೆ ಮುನ್ನ ಪದೇ ಪದೇ ಕೇಳಿದ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ಆತ ತೋರಿಸಿಕೊಟ್ಟ. ಆ ಪಾಠವೇ ಹುಡಗಿಯ ಅಂಗಳದಲ್ಲಿ ಆರಂಭವಾಯಿತು. ಗೇಟಿನ ಚಿಲಕ ಸದ್ದಾದೊಡನೆ ಮೋತಿಗೆ ಒಂದು ಚೂರು ರೊಟ್ಟಿ. ಕೊರಳಿಗೆ ಹಗ್ಗ, ಅಂಚೆಯವನು ದೂರದಲ್ಲಿ ನಿಲ್ಲಬೇಕು, ನಾಯಿ ಸುಮ್ಮನಿದ್ದರೆ ಮತ್ತೊಂದು ಚೂರು, ಮರುದಿನ ಅವನಿಗೆ ಒಂದು ಹೆಜ್ಜೆ ಮುಂದೆ ಬರಲು ಅಪ್ಪಣೆ. ಬೊಗಳಿದರೆ ಬೈಗುಳಿಲ್ಲ, ಎರಡು ಹೆಜ್ಜೆ ಹಿಂದಕ್ಕೆ, ಅಷ್ಟೆ. ಮಲಗಿದ ಮೋತಿಯನ್ನು ಮುಟ್ಟಬಾರದೆಂದು ಮೊಮ್ಮಗಳಿಗೂ ಪಾಠವಾಯಿತು.

ಮೂರು ತಿಂಗಳು ಹಿಡಿಯಿತು. ನಡುವೆ ಬಾಜಾಬಜಂತ್ರಿಯ ಮದುವೆಯ ಮೆರವಣಿಗೆಯೊಂದು ಹಾದು, ಕಲಿತದ್ದೆಲ್ಲ ನೀರುಪಾಲಾಗಿ, ಮೊದಲಿನಿಂದ ಆರಂಭಿಸಬೇಕಾಯಿತು. ಮೇಷ್ಟ್ರು ಬೇಸರಿಸಲಿಲ್ಲ. ತಮ್ಮ ತರಗತಿಯಲ್ಲಿ ಬೆತ್ತ ಕಂಡು ಬಾಯಿ ಮುಚ್ಚಿದ ಹುಡುಗರೆಲ್ಲ ಪಾಠ ಕಲಿತಿದ್ದರೋ, ಬರಿದೆ ಹೆದರಿದ್ದರೋ ಎಂಬ ಶಂಕೆ ಮಾತ್ರ ಆ ದಿನಗಳಲ್ಲಿ ಅವರನ್ನು ಬಿಡದೆ ಕಾಡಿತು.

ಈಗಲೂ ಚಿಲಕ ಸದ್ದಾದರೆ ಮೋತಿ ಎರಡು ಸಲ ಬೊಗಳುತ್ತದೆ. ಬಳಿಕ ತಿರುಗಿ ಮೇಷ್ಟ್ರ ಕೈಯನ್ನು ನೋಡುತ್ತದೆ. ಕೈಯಲ್ಲಿ ರೊಟ್ಟಿಯಿರುತ್ತದೆ. ಸಂಜೆ ಗೆಳೆಯರು ಮತ್ತೆ ಕಟ್ಟೆಗೆ ಬರುತ್ತಾರೆ. ಮಂಚವಿದ್ದಲ್ಲಿಯೇ ಇದೆ, ಅದರ ಕೆಳಗಿನ ಜಾಗ ಇಂದಿಗೂ ಮೋತಿಯದೇ, ಅಲ್ಲಿಗೆ ಯಾರೂ ಕೈ ಚಾಚುವುದಿಲ್ಲ.